ಬೆವರಿನ ತೂಕ

ಮೂರನೆಯ ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ನಾನು ನನ್ನ ತಂಗಿಯ ಹೆಸರಿನ ಮೇಲೆ ಗೆರೆ ಎಳೆದೆ.

ಹೊರಡುವಾಗ ಅವಳ ತೂಕ ಐವತ್ತೆಂಟು ಕಿಲೋ ನಾನೂರು ಗ್ರಾಂ ಇತ್ತು. ಬಿಸಿಲಿನಲ್ಲಿ ಹದಿನಾರು ಕಿಲೋಮೀಟರ್ ನಡೆದು ಬಂದು, ಮೈ ಒರೆಸಿಕೊಂಡು, ಬರಿಗಾಲಿನಲ್ಲಿ ತಕ್ಕಡಿಯ ಮೇಲೆ ನಿಂತಾಗ ಐವತ್ತಾರು ಕಿಲೋ ಒಂಬೈನೂರು. ದಾರಿಯಲ್ಲಿ ಕುಡಿಯುವ ನೀರು ಎಲ್ಲರಿಗೂ ಸಮ, ಒಂದು ಲೀಟರ್. ಇಳಿದದ್ದು ಒಂದೂವರೆ ಕಿಲೋ. ನೂರಕ್ಕೆ ಎರಡೂವರೆಗಿಂತ ಹೆಚ್ಚು. ನೂರಕ್ಕೆ ಎರಡನ್ನು ಮೀರಿದವರಿಗೆ ಒಂದು ಕೆಂಪು ಗೆರೆ, ಉಳಿದವರಿಗೆ ಹಸಿರು, ಮೂರು ಕೆಂಪು ಗೆರೆಯಾದರೆ ಹೆಸರು ರದ್ದು ಎಂಬುದು ನಮ್ಮ ಪಾದಯಾತ್ರಾ ಸಂಘ ಈ ವರ್ಷ ಹೊಸದಾಗಿ ತಂದ ನಿಯಮ. ಅವಳಿಗೆ ಇದು ಮೂರನೆಯದು.

“ಇನ್ನೊಂದ್ಸಲ ನೋಡು,” ಎಂದಳು.

“ತಕ್ಕಡಿ ಎರಡು ಸಲಕ್ಕೆ ಎರಡು ಥರ ಹೇಳೋದಿಲ್ಲ.”

“ತಕ್ಕಡಿ ಹಾಳಾಗಿ ಹೋಗ್ಲಿ. ನನ್ನನ್ನ ನೋಡು ಅಂದೆ. ಕಾಲು ನಡುಗ್ತಿದ್ಯಾ? ಮಾತು ತೊದಲ್ತಿದ್ಯಾ? ನಿನ್ನ ಹಸಿರು ಗೆರೆಯ ಗಂಡಸರು ಮೂರು ಜನ ಅಲ್ಲಿ ಗೋಡೆಗೆ ಒರಗಿ ನಾಲಿಗೆ ಹೊರಗೆ ಹಾಕಿದ್ದಾರೆ. ನಾನು ನಿಂತಿದ್ದೀನಿ.”

“ನಿಂತಿರೋದನ್ನ ಲೆಕ್ಕಕ್ಕೆ ತಗೊಳ್ಳೋದಿಲ್ಲ.”

“ನಿನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ.”

ಸಂಘದ ಕೋಣೆಯಲ್ಲಿ ಆಗ ಮೂವತ್ತೊಂಬತ್ತು ಜನರಿದ್ದರು. ನಾನು ಪಟ್ಟಿಯನ್ನು ಮಡಚಿದೆ. ನನಗೂ ಕೋಪ ಬಂದಿತ್ತು. ಒಡಹುಟ್ಟಿದವಳೆಂದು ಒಂದು ಗ್ರಾಂ ಬಿಟ್ಟರೂ ಉಳಿದವರೆಲ್ಲರ ತೂಕ ಸುಳ್ಳಾಗುತ್ತದೆ. ಅಷ್ಟು ಸರಳವಾದ ಮಾತು ಅವಳಿಗೆ ತಿಳಿಯುವುದಿಲ್ಲವೆಂಬ ಕೋಪ.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ನಾನು ಮೂವತ್ತೊಂದು ವರ್ಷ ಪರೀಕ್ಷಕನಾಗಿದ್ದೆ. ಅಂಗಡಿಗಳ ತಕ್ಕಡಿಗಳಿಗೆ ಮುದ್ರೆ ಒತ್ತುವುದು, ಕಳ್ಳ ತಕ್ಕಡಿಗಳನ್ನು ಹಿಡಿಯುವುದು ನನ್ನ ಕೆಲಸ. ನಿವೃತ್ತನಾದ ಮೇಲೆ ಸಂಘದವರು ಪಾದಯಾತ್ರೆಯ ತರಬೇತಿಯನ್ನು ನನಗೆ ಒಪ್ಪಿಸಿದರು. ಮುನ್ನೂರ ಹನ್ನೆರಡು ಕಿಲೋಮೀಟರ್ ದಾರಿ, ಹನ್ನೆರಡು ದಿನ, ದಿನಕ್ಕೆ ಇಪ್ಪತ್ತಾರು. ಬೆಟ್ಟದ ಮೇಲಿನ ಆ ಗುಡಿಯ ಬಾಗಿಲು ತೆರೆಯುವುದು ಬಿರುಬೇಸಗೆಯಲ್ಲಿ ಮಾತ್ರ. ಹೋದ ವರ್ಷ ನಾಲ್ವರನ್ನು ದಾರಿಯಿಂದ ಹೊತ್ತು ತಂದೆವು. ಆದ್ದರಿಂದ ಈ ವರ್ಷ ತರಬೇತಿಯನ್ನು ಬೆಳಗಿನ ತಂಪಿನಿಂದ ನಡುಮಧ್ಯಾಹ್ನಕ್ಕೆ ಬದಲಿಸಿದೆ, ನಡೆಯುವ ಮೊದಲೂ ನಡೆದ ಮೇಲೂ ತೂಗುವ ನಿಯಮ ತಂದೆ. ಬಿಸಿಲು ಯಾರ ಮೈಯಿಂದ ಹೆಚ್ಚು ಕಸಿಯುತ್ತದೆಯೋ ಅವರು ಬಿಸಿಲಿಗೆ ಆಗದವರು. ಇದು ನನ್ನ ತರ್ಕ. ಇದರಲ್ಲಿ ತಪ್ಪು ಕಾಣಲು ನನಗೆ ಕಾರಣವಿರಲಿಲ್ಲ.

ತಂಗಿಯ ಇಸ್ತ್ರಿ ಅಂಗಡಿ ನನ್ನ ಮನೆಯ ಕೆಳಗೇ ಇದೆ. ನಲವತ್ತು ವರ್ಷ ಅವಳು ಆ ಹತ್ತಡಿ ಅಗಲದ ಕೋಣೆಯಲ್ಲಿ ಕಾದ ಕಬ್ಬಿಣ ಹಿಡಿದು ನಿಂತಿದ್ದಾಳೆ. ಊರಿನವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಅವಳ ಗಂಡ ಹನ್ನೊಂದು ಸಲ ಪಾದಯಾತ್ರೆ ಮಾಡಿದ. ಹನ್ನೊಂದು ಸಲವೂ ಅವಳು ಅಂಗಡಿ ನೋಡಿಕೊಂಡಳು, ಅವನು ಬಂದ ಮೇಲೆ ಬೊಬ್ಬೆ ಎದ್ದ ಪಾದಗಳನ್ನು ಬಿಸಿನೀರಿನಲ್ಲಿ ಇಟ್ಟು ತೊಳೆದಳು. ಹೋದ ವರ್ಷ ಅವನು ತೀರಿಕೊಂಡ. ಈ ವರ್ಷ ಅವಳು ಸೊಸೆಗೆ ಅಂಗಡಿಯ ಬೀಗದ ಕೈ ಕೊಟ್ಟು, “ಈ ಸಲ ನನ್ನ ಕಾಲು,” ಎಂದಳು. ಅರವತ್ತೈದು ತುಂಬಿದ ಹೊಸಬರನ್ನು ಯಾತ್ರೆಗೆ ಸೇರಿಸಿಕೊಳ್ಳುವುದಿಲ್ಲ. ಅವಳಿಗೆ ಅರವತ್ತೈದು ತುಂಬಲು ಎರಡು ತಿಂಗಳು ಬಾಕಿ ಇತ್ತು. ಈ ವರ್ಷ ತಪ್ಪಿದರೆ ಇನ್ನಿಲ್ಲ. ಇದು ನನಗೆ ಗೊತ್ತಿತ್ತು; ಗೊತ್ತಿದ್ದೇ ಗೆರೆ ಎಳೆದೆ.

ಮರುದಿನ ನಾನು ಕೊಟ್ಟಿದ್ದ ನಾಲ್ಕು ಅಂಗಿಗಳು ಮುದ್ದೆ ಮಾಡಿದ ಸ್ಥಿತಿಯಲ್ಲಿ ಮೆಟ್ಟಿಲ ಮೇಲೆ ಬಿದ್ದಿದ್ದವು. ಸೊಸೆ ಬಾಗಿಲ ಸಂದಿಯಿಂದ ಹೇಳಿದಳು: “ಮಾವ, ಅತ್ತೆ ಹೇಳಿದ್ರು, ಸುಕ್ಕಿನ ಅಂಗೀಲಿ ತೂಕ ಏನೂ ಕಮ್ಮಿ ಆಗೋದಿಲ್ವಂತೆ.”

ನಾಲ್ಕನೆಯ ಭಾನುವಾರ ಅವಳು ಮತ್ತೆ ಬಂದಳು. ಕೋಣೆಯೊಳಗೆ ಕಾಲಿಡಲಿಲ್ಲ, ತಕ್ಕಡಿ ಹತ್ತಲಿಲ್ಲ. ನಾವು ಹೊರಟ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಬಂದಳು. ನಿಂತು ನೋಡಿದರೆ ಅವಳೂ ನಿಲ್ಲುತ್ತಿದ್ದಳು.

“ನಿನ್ನ ಹೆಸರು ಪಟ್ಟೀಲಿಲ್ಲ!” ಎಂದು ಕೂಗಿದೆ.

“ರಸ್ತೆ ನಿಮ್ಮಪ್ಪಂದಾ?” ಎಂದು ಕೂಗಿದಳು.

“ಇಬ್ರ ಅಪ್ಪನೂ ಒಬ್ರೇ ಅಲ್ವಾ ಸಾಹೇಬ್ರೇ,” ಎಂದು ಸಾಲಿನಲ್ಲಿದ್ದ ಕ್ಷೌರಿಕ ಮೆಲ್ಲಗೆ ಅಂದ. ನಕ್ಕವರ ಕಡೆ ನಾನು ನೋಡಿದೆ. ನಗು ನಿಂತಿತು.

ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಐಸಪ್ಪನದು. ಅವನು ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಲಸ ಮಾಡುವವನು. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ಸ್ವೆಟರ್ ಹಾಕಿಕೊಂಡು ಪೆಟ್ಟಿಗೆ ಜೋಡಿಸುವುದು ಅವನ ಬದುಕು. ಹೆಸರು ಅದರಿಂದಲೇ ಬಂದದ್ದು. ಎಂಬತ್ತೊಂದು ಕಿಲೋ ಆಳು, ಒಳ್ಳೆಯ ಮನುಷ್ಯ, ಹೇಳಿದ್ದನ್ನು ಕೇಳುವವನು. ಹದಿನಾರು ಕಿಲೋಮೀಟರ್ ನಡೆದು ಬಂದರೂ ಅವನು ಕಳೆದುಕೊಳ್ಳುತ್ತಿದ್ದದ್ದು ಇನ್ನೂರು ಗ್ರಾಂ, ನೂರಕ್ಕೆ ಒಂದರ ಕಾಲು ಭಾಗ. ಮುಖ ಕೆಂಪಾಗುತ್ತಿತ್ತು, ಅಂಗಿ ಒದ್ದೆಯಾಗುತ್ತಿರಲಿಲ್ಲ. ನಾನು ಅವನನ್ನು ಸಾಲಿನ ಮುಂದೆ ನಿಲ್ಲಿಸಿದೆ. “ಇವರನ್ನ ನೋಡಿ ಕಲೀರಿ,” ಎಂದು ಉಳಿದವರಿಗೆ ಹೇಳಿದೆ.

“ನಮ್ಮ ಐಸಪ್ಪಂಗೆ ಫ್ರಿಜ್ಜು ಹೊಟ್ಟೇಲೇ ಇದೆ ಸಾಹೇಬ್ರೇ,” ಎಂದ ಕ್ಷೌರಿಕ. ಐಸಪ್ಪ ಮಗುವಿನಂತೆ ನಕ್ಕ. ಮೆಚ್ಚುಗೆಯನ್ನು ಅವನು ಜೀವನದಲ್ಲಿ ಹೆಚ್ಚು ಕಂಡವನಲ್ಲ.

ನಾಲ್ಕನೆಯ ಭಾನುವಾರದ ಮರುದಿನ ಸಂಘದ ಕಾರ್ಯದರ್ಶಿ ನಲವತ್ತು ಜನರ ಪಟ್ಟಿಯನ್ನು ಗುಡಿಯ ಕಚೇರಿಗೆ ಕಳಿಸಿದರು. ದಾರಿಯ ಹನ್ನೆರಡು ತಂಗುದಾಣಗಳಲ್ಲಿ ನಮಗೆ ನಲವತ್ತೇ ಚಾಪೆ. ತಂಗಿಯ ಜಾಗಕ್ಕೆ ಒಬ್ಬ ಪೋಸ್ಟ್‌ಮ್ಯಾನ್ ಸೇರಿದ. ಪಟ್ಟಿಗೆ ಸಹಿ ಹಾಕಿದವನು ನಾನು.

ಐದನೆಯ ಭಾನುವಾರ ಇಪ್ಪತ್ತು ಕಿಲೋಮೀಟರ್ ನಡಿಗೆಯಿತ್ತು. ಕಾರ್ಖಾನೆಯ ಉದ್ದ ಗೋಡೆಯ ಪಕ್ಕದಲ್ಲಿ ಹೋಗುವ ಡಾಂಬರು ರಸ್ತೆಯನ್ನು ನಾನೇ ಆರಿಸಿದ್ದೆ, ಅಲ್ಲಿ ನೆರಳಿಲ್ಲವೆಂಬ ಕಾರಣಕ್ಕೆ. ಗೋಡೆ ಕಾದು ಬದಿಯಿಂದ ಬಡಿಯುತ್ತಿತ್ತು, ಡಾಂಬರು ಕೆಳಗಿನಿಂದ. ಚಪ್ಪಲಿಗಳು ಅಂಟಿ ಅಂಟಿ ಏಳುತ್ತಿದ್ದವು. ಹನ್ನೆರಡನೆಯ ಕಿಲೋಮೀಟರಿನಲ್ಲಿ ಎಲ್ಲರ ಬೆನ್ನೂ ತೊಯ್ದಿತ್ತು, ಐಸಪ್ಪನದೊಂದನ್ನು ಬಿಟ್ಟು.

ಹದಿಮೂರನೆಯದರಲ್ಲಿ ಅವನು ಮಾತಾಡಲು ಶುರು ಮಾಡಿದ. ಸಾಮಾನ್ಯವಾಗಿ ಅವನು ನಡೆಯುವಾಗ ಮಾತಾಡುವವನಲ್ಲ.

“ಬಾಗ್ಲು ಹಾಕ್ರೋ,” ಎಂದ. “ಚಳಿ ಎಲ್ಲಾ ಹೊರಗೆ ಹೋಗ್ತಿದೆ.”

ಸಾಲು ಗೊಳ್ಳೆಂದು ನಕ್ಕಿತು. ತಮಾಷೆಯೆಂದು ನಾನೂ ತಿಳಿದೆ. ಸಾಲಿಗೆ ಹುರುಪು ಬರಲೆಂದು ಜೋರಾಗಿ ಹೇಳಿದೆ: “ನೋಡಿ, ಹದಿಮೂರು ಕಿಲೋಮೀಟರ್ ಆಯ್ತು, ಅಂಗಿ ಮೇಲೆ ಒಂದು ಹನಿ ಇಲ್ಲ!”

ಹಿಂದಿನಿಂದ ತಂಗಿ ಓಡಿ ಬಂದಳು. ಅವಳ ಕುಪ್ಪಸ ಹಿಂಡಿದ ಬಟ್ಟೆಯಂತೆ ಮೈಗೆ ಅಂಟಿತ್ತು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ನಿಲ್ಸು ಅವರನ್ನ.”

“ಸಾಲು ಮುರೀಬೇಡ.”

“ಅಣ್ಣಾ, ಅವರ ಮೈ ಒಣಗಿದೆ. ಸಾಲಲ್ಲ ನಿಲ್ಸೋದು, ಅವರನ್ನ. ಕೂರ್ಸಿ ನೀರು ಹಾಕ್ಬೇಕು.”

“ಅವರು ನೂರಕ್ಕೆ ಕಾಲು ಭಾಗ ಕಳ್ಕೊಳ್ಳೋ ಮನುಷ್ಯ. ನೀನು ಎರಡೂವರೆ. ಯಾರು ಯಾರಿಗೆ ಹೇಳ್ತಿರೋದು?”

“ನೀನು ಹಿಡಿದ ಮೊಲಕ್ಕೆ ಮೂರೇ ಕಾಲು, ಅಲ್ವಾ?”

“ಪಟ್ಟೀಲಿ ಇಲ್ಲದವರ ಸಲಹೆ ಬೇಡ. ಹಿಂದೆ ಹೋಗು.”

ಅವಳು ನನ್ನನ್ನು ದಾಟಿ ಐಸಪ್ಪನ ತೋಳು ಹಿಡಿದಳು. ಅವನು ಕೊಸರಿಕೊಂಡು, “ಸಾಹೇಬ್ರು ನಡಿ ಅಂದಿದ್ದಾರೆ,” ಎಂದ. ನಾನು, “ನಡೀರಿ ನೀವು,” ಎಂದೆ. ಅವನು ನಡೆದ.

ಆಗ ಒಂದು ಗಂಟೆ ನಾಲ್ಕು ನಿಮಿಷವಾಗಿತ್ತು. ಒಂದು ಗಂಟೆ ಹದಿನೈದಕ್ಕೆ ಅವನು ಬಿದ್ದ. ನಡುವೆ ಹನ್ನೊಂದು ನಿಮಿಷ. ಕಾಲು ಅಡ್ಡಾದಿಡ್ಡಿ ಹೋಗುತ್ತಿದ್ದುದನ್ನು ನಾನು ಕಂಡಿದ್ದೆ. ಹಿಂದಿರುಗಿ ತಂಗಿಯ ಮುಖ ನೋಡಬೇಕಾಗುತ್ತದೆಂದು ನಾನು ಅವನನ್ನು ನಿಲ್ಲಿಸಲಿಲ್ಲ. ಬೇರೆ ಕಾರಣವಿರಲಿಲ್ಲ.

ಅವನು ಮೂಟೆಯಂತೆ ಬಿದ್ದ, ಕೈ ಊರಲಿಲ್ಲ. ನಾನು ಮೊಣಕಾಲೂರಿ ಹಣೆ ಮುಟ್ಟಿದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಿದಂತಾಯಿತು. ಚರ್ಮ ಕಾಗದದಂತೆ ಒಣಗಿತ್ತು. ಮೂವತ್ತೆಂಟು ಜನ ಸುತ್ತ ನಿಂತು ಗಾಳಿಯನ್ನೂ ಅಡ್ಡಗಟ್ಟಿದರು. ಏನು ಮಾಡಬೇಕೆಂದು ನನ್ನ ಯಾವ ನಿಯಮದಲ್ಲೂ ಬರೆದಿರಲಿಲ್ಲ.

“ಸರೀರಿ! ಸತ್ತ ಮೇಲೆ ನೋಡೋಕೆ ಬನ್ನಿ!” ತಂಗಿ ಜನರನ್ನು ಎರಡೂ ಕೈಯಿಂದ ತಳ್ಳಿದಳು. “ಕಾಲು ಹಿಡೀರಿ ಇಬ್ರು, ತೋಳು ಹಿಡೀರಿ ಇಬ್ರು. ಅಲ್ಲಿ, ಪಂಕ್ಚರ್ ಅಂಗಡಿ. ತೊಟ್ಟಿ ಇದೆ. ಓಡ್ರೋ!”

ರಸ್ತೆಯಾಚೆ ಟಯರ್ ರಿಪೇರಿ ಅಂಗಡಿಯಿತ್ತು. ಟ್ಯೂಬಿನ ತೂತು ಹುಡುಕಲು ಇಟ್ಟಿದ್ದ ಸಿಮೆಂಟು ತೊಟ್ಟಿಯಲ್ಲಿ ಮಣ್ಣು ಬಣ್ಣದ ನೀರು ತುಂಬಿತ್ತು. ಟಯರ್‌ನವನು ಏನೋ ಹೇಳಲು ಬಾಯಿ ತೆರೆದ. ಅವಳು “ನಿನ್ನ ತೊಟ್ಟಿ ಆಮೇಲೆ ತೊಳೆದು ಕೊಡ್ತೀನಿ, ಪೈಪ್ ಬಿಡು,” ಎಂದಳು. ಐಸಪ್ಪನನ್ನು ಕುತ್ತಿಗೆಯವರೆಗೆ ತೊಟ್ಟಿಯಲ್ಲಿ ಇಳಿಸಿದರು. ಅವಳು ಅವನ ತಲೆಯನ್ನು ತನ್ನ ಮೊಣಕೈ ಮೇಲೆ ಎತ್ತಿ ಹಿಡಿದು ನೆತ್ತಿಗೆ ಪೈಪಿನ ನೀರು ಬಿಟ್ಟಳು. ಅಂಗಿಯ ಗುಂಡಿಗಳನ್ನು ಕಿತ್ತಳು. ಕ್ಷೌರಿಕನಿಗೆ ಒಂದು ರಟ್ಟು ಕೊಟ್ಟು “ಬೀಸು, ಕೈ ನಿಂತ್ರೆ ನೋಡು,” ಎಂದಳು.

ನಾನು ಗಡಿಯಾರ ಹಿಡಿದು ನಿಂತಿದ್ದೆ. ಅವಳು ತಲೆಯೆತ್ತಿ ನನ್ನನ್ನು ಕಂಡಳು.

“ನಿಮಿಷ ಎಣಿಸ್ತಿದ್ದೀಯಾ? ಆಂಬುಲೆನ್ಸ್‌ಗೆ ಫೋನ್ ಮಾಡು!”

ಮಾಡಿದೆ. ಇಪ್ಪತ್ತಾರು ನಿಮಿಷದ ಮೇಲೆ ಅದು ಬಂದಾಗ ಐಸಪ್ಪ ಕಣ್ಣು ತೆರೆದು ಯಾರನ್ನೋ ಬೈಯುತ್ತಿದ್ದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಯುವ ಡಾಕ್ಟರೊಬ್ಬಳು ಕಾಗದ ಹಿಡಿದು ಬಂದಳು.

“ತಡವಾಗಿದ್ರೆ ಉಳೀತಿರ್ಲಿಲ್ಲ. ನೀರಲ್ಲಿ ಇಳಿಸಿದವರು ಯಾರು?”

“ನನ್ನ ತಂಗಿ.”

“ಪೇಷೆಂಟ್ ಬೆವರ್ತಿದ್ರಾ?”

“ಇಲ್ಲ.”

“ಬೆವರೋದು ಕಮ್ಮಿ ಅಂತ ಯಾವತ್ತಿಂದ ಗೊತ್ತು?”

“ನಾಲ್ಕು ವಾರದಿಂದ,” ಎಂದೆ. “ಗ್ರಾಂ ಸಮೇತ.”

ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಬರೆದಳು. ಬೆಂಚಿನ ತುದಿಯಲ್ಲಿ ಕುಳಿತಿದ್ದ ಐಸಪ್ಪನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಎದ್ದು ಬಂದು, “ನೀವು ಮನೆಗೆ ಹೋಗಿ,” ಎಂದಳು. ಅವಳ ದನಿ ಏರಿರಲಿಲ್ಲ. ನಾನು ಹೋದೆ.

ಸಂಜೆ ಐದಕ್ಕೆ ತಂಗಿಯ ಅಂಗಡಿಗೆ ಇಳಿದೆ. ಸೊಸೆಯನ್ನು ಒಳಗೆ ಕಳಿಸಿ ಅವಳೇ ಇಸ್ತ್ರಿ ಮಾಡುತ್ತಿದ್ದಳು. ನಲವತ್ತು ವರ್ಷದಲ್ಲಿ ನಾನು ಆ ಕೋಣೆಯೊಳಗೆ ಐದು ನಿಮಿಷಕ್ಕಿಂತ ಹೆಚ್ಚು ನಿಂತವನಲ್ಲ. ನಿಂತೆ. ಮೂರನೆಯ ನಿಮಿಷಕ್ಕೆ ಉಸಿರು ಕಟ್ಟಿತು.

“ನಿಂಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ.

“ಈಗ ಕೇಳ್ತೀಯಾ? ಕೋಟೆ ಕೊಳ್ಳೆ ಹೋದ್ಮೇಲೆ?” ಕಬ್ಬಿಣವನ್ನು ಕಟ್ಟೆಯ ಮೇಲೆ ಕುಕ್ಕಿದಳು. “ಈ ಅಂಗಡೀಲಿ ಎಷ್ಟು ಹುಡುಗೀರು ಕೆಲಸ ಕಲಿತು ಹೋದ್ರು? ಹೊಸದಾಗಿ ಬಂದೋಳು ಮೊದಲ ವಾರ ಬೆವರೋದೇ ಇಲ್ಲ. ಕೆಂಪಗಾಗಿ ನಿಂತಿರ್ತಾಳೆ. ಅವಳನ್ನ ಗಂಟೆಗೊಂದ್ಸಲ ಹೊರಗೆ ಕಳಿಸ್ತೀನಿ, ಇಲ್ದಿದ್ರೆ ಬಟ್ಟೆ ಮೇಲೇ ಬೀಳ್ತಾಳೆ. ಎರಡು ವಾರ ಕಳೀಲಿ, ಒಲೆ ಮುಂದೆ ನಿಂತ ಕೂಡ್ಲೇ ಧಾರಾಕಾರ ಸುರಿಯತ್ತೆ. ಆಗ ‘ಬಾ ತಾಯಿ, ಈಗ ನೀನು ಕೆಲಸಕ್ಕೆ ಬಂದೆ’ ಅಂತೀನಿ. ಬೆವರು ಸುರಿಯೋದೇ ಮೈ ಕಲಿತಿದೆ ಅನ್ನೋದಕ್ಕೆ ಗುರುತು. ಕಲಿತ ಮೈಯನ್ನ ನೀನು ಪಟ್ಟಿಯಿಂದ ಹೊರಗೆ ಹಾಕ್ದೆ. ಕಲೀದೇ ಇರೋ ಮೈಯನ್ನ ಮುಂದೆ ನಿಲ್ಸಿ ಮೆರೆಸ್ದೆ.”

“ಮೊದ್ಲೇ ಹೇಳ್ಬೇಕಿತ್ತು.”

ಅಂದ ಕೂಡಲೇ ಆ ಮಾತಿನ ಹೊಲಸು ನನ್ನ ಬಾಯಿಗೇ ಗೊತ್ತಾಯಿತು.

“ಹೇಳ್ಲಿಲ್ವಾ?” ಅವಳು ಕೂಗಲಿಲ್ಲ; ಅದು ಹೆಚ್ಚು ಕೆಟ್ಟದಾಗಿತ್ತು. “ಮೂರು ಭಾನುವಾರ ನನ್ನನ್ನ ನೋಡು ಅಂದೆ. ಇವತ್ತು ರಸ್ತೆ ಮಧ್ಯೆ ನಿಂತು ಹೇಳ್ದೆ. ನೀನು ನಂಬರ್ ಓದ್ದೆ. ಈಗ ಮನೆಗೆ ಹೋಗು, ಬಟ್ಟೆ ಸುಡತ್ತೆ.”

ಬುಧವಾರ ಸಂಘದ ಸಭೆ ಕರೆದರು. ಕಾರ್ಯದರ್ಶಿ ಚಪ್ಪಲಿ ಅಂಗಡಿಯ ಯಜಮಾನ. ಎಂಥ ಕಾಲಿಗೂ ಇದು ಸರಿಹೊಂದುತ್ತದೆ ಎನ್ನುವ ದನಿ ಅವರದು.

“ಐಸಪ್ಪನವರಿಗೆ ಮೊದಲಿಂದ್ಲೂ ಏನೋ ತೊಂದರೆ ಇತ್ತು ಅನ್ಸತ್ತೆ. ಎಲ್ಲಾ ಮೇಲಿನವನ ಇಚ್ಛೆ. ದೊಡ್ಡದು ಮಾಡೋದು ಬೇಡ. ಸಾಹೇಬ್ರ ಮೇಲೆ ನಮಗೆ ಪೂರ್ತಿ ವಿಶ್ವಾಸ ಇದೆ.”

ಕೆಲವರು ತಲೆಯಾಡಿಸಿದರು. ಆ ತಲೆಗಳನ್ನು ಕಂಡು ನನಗೆ ಉರಿದುಹೋಯಿತು. ನನ್ನನ್ನು ಉಳಿಸುವುದಕ್ಕಾಗಿ ಒಬ್ಬ ಆರೋಗ್ಯವಂತನಿಗೆ ರೋಗ ಅಂಟಿಸುತ್ತಿದ್ದರು.

ಎದ್ದು ನಿಂತೆ. “ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ನಾನು. ತಕ್ಕಡಿ ಸರಿಯಾಗಿತ್ತು, ಅದು ಹೇಳಿದ್ದನ್ನು ನಾನು ತಲೆಕೆಳಗಾಗಿ ಓದಿದೆ. ಬೆವರುವವರು ತಡೆದುಕೊಳ್ಳುತ್ತಾರೆ, ಬೆವರದವರು ಬೀಳುತ್ತಾರೆ. ನನ್ನ ತಂಗಿ ಹೇಳಿದ ಮೇಲೂ ಹನ್ನೊಂದು ನಿಮಿಷ ಅವರನ್ನು ನಡೆಸಿದೆ. ಅವಳನ್ನು ವಾಪಸ್ ಪಟ್ಟಿಗೆ ಸೇರಿಸಬೇಕು.”

“ಅಲ್ಲಾ, ಇಷ್ಟು ಖಾರ ಯಾಕೆ,” ಎಂದರು ಕಾರ್ಯದರ್ಶಿ. “ಸೇರಿಸೋಣ ಅಂದ್ರೂ ಪಟ್ಟಿ ಹೋಗಿಯಾಯ್ತಲ್ಲ. ಗುಡಿ ಕಚೇರಿಯವರು ಹೊಸ ಹೆಸರು ತಗೊಳ್ಳೋದಿಲ್ಲ.”

“ಐಸಪ್ಪನವರ ಜಾಗ ಖಾಲಿ ಇದೆ.”

“ಪಟ್ಟೀಲಿರೋರು ಬರದಿದ್ರೆ ಅವರ ಒಡಹುಟ್ಟಿದವರು, ಮಕ್ಕಳು, ಇಷ್ಟೇ ಬರಬಹುದು. ಇಸ್ತ್ರಿ ಅಕ್ಕ ಅವರಿಗೆ ಏನಾಗ್ಬೇಕು? ನಿಯಮ ಸಾಹೇಬ್ರೇ. ನಿಯಮದ ವಿಷಯ ನಿಮಗೆ ನಾನು ಹೇಳ್ಬೇಕಾ?”

ಕೊನೆಯ ಮಾತನ್ನು ಅವರು ಬಹಳ ಮೃದುವಾಗಿ ಆಡಿದರು. ಅದು ನಾಟಿತು. ಬಾಗಿಲ ಬಳಿ ನಿಂತಿದ್ದ ತಂಗಿ ಹೊರಗೆ ನಡೆದಳು. ಅವಳ ಯಾತ್ರೆ ಮುಗಿಯಿತೆಂದು ಸಭೆಗೆ ಅರ್ಥವಾಯಿತು. ನಾನು ಲೆಕ್ಕ ಹಾಕಿದೆ. ನಲವತ್ತು ಹೆಸರುಗಳಲ್ಲಿ ಅವಳಿಗೆ ಒಡಹುಟ್ಟಿದವನ ಹೆಸರು ಒಂದೇ ಒಂದಿತ್ತು. ಅದನ್ನು ತೆಗೆದುಹಾಕಿ ಸಹಿ ಮಾಡಲು ಅರ್ಧ ನಿಮಿಷ ಸಾಕಾಯಿತು. ನನಗೆ ಎಪ್ಪತ್ತೊಂದು, ಇದು ನನ್ನ ಹತ್ತನೆಯ ಯಾತ್ರೆಯಾಗಬೇಕಿತ್ತು.

ಬೀದಿಯ ತಿರುವಿನಲ್ಲಿ ಅವಳನ್ನು ಹಿಡಿದು ಕಾಗದ ಕೊಟ್ಟೆ. ಓದಿದಳು. ಮುಖ ಮೆತ್ತಗಾಗಲಿಲ್ಲ.

“ನಿನ್ನ ದಾನ ನನಗೆ ಬೇಡ. ನನ್ನ ಜಾಗ ನನಗೆ ಕೊಡು.”

“ನಿನ್ನ ಜಾಗದಲ್ಲಿ ಪೋಸ್ಟ್‌ಮ್ಯಾನ್ ಇದ್ದಾನೆ. ಅವನು ತಪ್ಪು ಮಾಡಿಲ್ಲ. ತಪ್ಪು ಮಾಡಿದವನ ಜಾಗ ಇದು.”

“ಹೋಗಿ ಬಂದ್ಮೇಲೆ ಅಣ್ಣ ತ್ಯಾಗ ಮಾಡಿದ ಅಂತ ಊರೆಲ್ಲಾ ಹಾಡತ್ತೆ.”

“ಹಾಡಿದವರಿಗೆ ಹನ್ನೊಂದು ನಿಮಿಷದ ವಿಷಯ ಹೇಳು.”

ಅವಳು ಕಾಗದವನ್ನು ನಾಲ್ಕಾಗಿ ಮಡಚಿದಳು. “ಉಳಿದಿರೋ ಎರಡು ಭಾನುವಾರ ತರಬೇತಿ ನಾನು ಮಾಡ್ತೀನಿ. ನೀನು ಬರಬಾರದು. ಕುಡಿಯೋ ನೀರು ತಲಾ ಎರಡೂವರೆ ಲೀಟರ್. ಒಣಗಿದವರನ್ನ ನಾನು ಕೂರಿಸ್ತೀನಿ, ಅವರು ಯಾರಾದ್ರೂ ಸರಿ.”

“ಆಗ್ಲಿ.”

“ಮತ್ತೆ, ಐಸಪ್ಪನ ಹೆಂಡತಿ ಹತ್ರ ಹೋಗು. ಒಳಗೆ ಬಿಡದಿದ್ರೆ ಹೊರಗೆ ನಿಂತ್ಕೋ.”

ನಾಲ್ಕು ದಿನ ಅವರ ಮನೆಯ ಹೊರಗೆ ನಿಂತೆ. ಐದನೆಯ ದಿನ ಐಸಪ್ಪ ಆಸ್ಪತ್ರೆಯಿಂದ ಮನೆಗೆ ಬಂದ. ಅಂದು ಅವನ ಹೆಂಡತಿ ಬಾಗಿಲು ಪೂರ್ತಿ ಮುಚ್ಚಲಿಲ್ಲ, ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ.

ಯಾತ್ರೆ ಹೊರಟದ್ದು ಗುರುವಾರ ಬೆಳಗ್ಗೆ ಆರಕ್ಕೆ. ತಂಗಿ ಸಾಲಿನ ಮುಂದಿದ್ದಳು. ಕ್ಷೌರಿಕ, “ಇಸ್ತ್ರಿ ಅಕ್ಕ, ಬೆಟ್ಟದ ಮಡಿಕೇನೂ ಬಿಡಿಸ್ತೀರಾ ಹೇಗೆ?” ಎಂದು ಕೇಳಿದಾಗ, “ಮೊದ್ಲು ನಿನ್ನ ಬಾಯಿ,” ಎಂದಳು. ನಾನು ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಅವಳು ನನ್ನ ಮುಂದೆ ಬಂದಾಗ ಒಂದು ಕ್ಷಣ ನಿಂತಳು.

“ಕೋಪ ಇನ್ನೂ ಇದ್ಯಾ?” ಎಂದೆ.

“ಇದೆ. ಇಳಿಸೋಕೆ ಬರಬೇಡ. ಮುನ್ನೂರ ಹನ್ನೆರಡು ಕಿಲೋಮೀಟರ್ ನಡೀಬೇಕು, ಬೇಕಾಗತ್ತೆ.”

ಸಾಲು ಹೊರಟಿತು. ಕಾರ್ಖಾನೆಯ ಗೋಡೆಯವರೆಗೂ ಅವಳು ಹಿಂದಿರುಗಿ ನೋಡಲಿಲ್ಲ.